ಲಾಳಿಯಾಕಾರದ ವಜ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹೆಣ್ಣುಮಕ್ಕಳಿಗೆ ಪತ್ತಾರರ ಅಂಗಡಿಯಲ್ಲಿ ಬಂಗಾರ ನೋಡಿ ಕೊಳ್ಳುವುದು ಗೊತ್ತು. ವಜ್ರದ ಮಾತು ಬೇರೆ. ಎರಡೂ ತುದಿ ಚೂಪಾದ ‘ಮಾರ್ಕೀಸ್’ ಹರಳು ನೇಕಾರರ ಲಾಳಿಯಂತಿರುತ್ತದೆ. ಉದ್ದವಾದ್ದರಿಂದ ಅಷ್ಟೇ ತೂಕದ ದುಂಡು ಹರಳಿಗಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ ಮಾತ್ರ. ಅಂಗಡಿಯ ದೀಪವನ್ನು ನಂಬದೆ ಬಾಗಿಲ ಬೆಳಕಿಗೆ ತಂದು ಹೊರಳಿಸಿ ನೋಡಿ. ನಡುವೆ ಚಿಟ್ಟೆಯ ರೆಕ್ಕೆಯಂಥ ಕಪ್ಪು ನೆರಳು ತುಸು ಇದ್ದೀತು, ದಟ್ಟವಾಗಿದ್ದರೆ ಬೇಡವೆನ್ನಿ. ವಜ್ರ ಗಟ್ಟಿ, ನಿಜ. ಆದರೆ ಪೆಟ್ಟು ಬಿದ್ದರೆ ಚೂಪು ತುದಿ ಮುಕ್ಕಾಗುತ್ತದೆ. ರೊಟ್ಟಿ ಬಡಿಯುವ ಕೈಗಂತೂ ಎರಡೂ ತುದಿಗಳನ್ನು ‘ವಿ’ ಆಕಾರದ ಬಂಗಾರದ ಹಲ್ಲು ಮುಚ್ಚಿ ಹಿಡಿದ ಉಂಗುರವೇ ಬೇಕು. ಬಡಿಯುವಾಗ ತೆಗೆದಿಟ್ಟರೆ ಇನ್ನೂ ಲೇಸು. ಹಾಲ್‌ಮಾರ್ಕ್ ಹೇಳುವುದು ಬಂಗಾರದ ಶುದ್ಧತೆಯನ್ನಷ್ಟೇ. ಹರಳಿಗೆ ಬೇರೆ ಪ್ರಮಾಣಪತ್ರವನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ.