ಒದ್ದೆ ಗೋಡೆಗೆ ಬಣ್ಣವೇಕೆ?

(ಸಂಘದ ಮಹಾಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಮುನ್ನ ತರಗತಿಗಳ ಒಳಗೋಡೆಗಳಿಗೆ ಹೊಸ ಬಣ್ಣ ಬಳಿಸಬೇಕೆಂಬ ಸೂಚನೆಯು ಈ ಸಭೆಯ ಮುಂದಿದೆ. ಅದಕ್ಕಾಗಿ ಧನಸಹಾಯ ಮಾಡಲು ಮುಂದೆ ಬಂದ ಹಳೆಯ ವಿದ್ಯಾರ್ಥಿಗಳಿಗೆ ನಾವು ಕೃತಜ್ಞರು. ಆದರೂ ಈ ಕಾರ್ಯವನ್ನು ಬೇಸಗೆಯ ರಜೆಯವರೆಗೆ ಮುಂದೂಡಬೇಕೆಂದು ಬಿನ್ನವಿಸುವ ಅಪ್ರಿಯ ಕೆಲಸವು ಇಂದು ನಮ್ಮ ಪಾಲಿಗೆ ಬಂದಿದೆ.

ಮೂರನೆಯ ತರಗತಿಯ ಪಡುಗೋಡೆಯನ್ನು ತಾವೆಲ್ಲರೂ ಕಂಡಿರುವಿರಿ. ಎರಡು ವರ್ಷಗಳ ಹಿಂದೆ ಬಳಿದ ಎಣ್ಣೆಬಣ್ಣವು ಹಪ್ಪಳದಂತೆ ಉಬ್ಬಿ ಉದುರುತ್ತಿದೆ. ಅಲ್ಲಿ ತೂಗಿಸಿದ್ದ ವರ್ಣಮಾಲೆಯ ಪಟವು ಬೂಷ್ಟು ಹಿಡಿದು, ಕೆಳಸಾಲಿನ ಅವರ್ಗೀಯ ವ್ಯಂಜನಗಳು ಕಾಣದಾಗಿವೆ. ಆಟಿ ತಿಂಗಳಲ್ಲಿ ಆ ಗೋಡೆಗೊರಗಿ ಕುಳಿತ ಮಕ್ಕಳ ಅಂಗಿಯ ಬೆನ್ನು ಒದ್ದೆಯಾಗುತ್ತದೆ. ಆ ಬಣ್ಣವನ್ನು ಅವಸರಪಟ್ಟು ಹಚ್ಚಿಸಿದವರು ನಾವೇ. ದೋಷವನ್ನು ಬಣ್ಣ ಬಳಿದವರ ಮೇಲೆ ಹೊರಿಸುವುದು ನ್ಯಾಯವಲ್ಲ.

ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಮುರಕಲ್ಲು ತೂತುತೂತಾದ ಕಲ್ಲು. ನೀರನ್ನು ಹೀರಿ ಹಿಡಿದುಕೊಳ್ಳುವುದು ಅದರ ಗುಣ. ಆ ನೀರು ಮೆಲ್ಲಮೆಲ್ಲನೆ ಹೊರಗೆ ಆರಿಹೋಗಬೇಕು. ಹೊರದಾರಿಯನ್ನು ಎಣ್ಣೆಬಣ್ಣದಿಂದ ಮುಚ್ಚಿದರೆ ಒಳಗಿನ ತೇವವು ಬಣ್ಣವನ್ನೇ ದೂಡುತ್ತದೆ.

ಆದುದರಿಂದ ಮೊದಲು ನೀರಿನ ಮೂಲವನ್ನು ತಿಳಿಯಬೇಕು. ಕಲೆಯು ಗೋಡೆಯ ತಲೆಯಲ್ಲಿದ್ದರೆ ಒಡೆದ ಹಂಚನ್ನು ಹುಡುಕಬೇಕು. ನಡುಗೋಡೆಯಲ್ಲಿದ್ದರೆ ಹೊರಗಾರೆಯ ಬಿರುಕನ್ನು ಶಂಕಿಸಬೇಕು. ಬುಡದಿಂದ ಮೇಲೇರಿ ಸುಮಾರು ಒಂದು ಮೀಟರಿನೊಳಗೆ ಗೆರೆ ಎಳೆದಂತೆ ನಿಂತಿದ್ದರೆ ನೆಲದ ನೀರೇ ಏರುತ್ತಿದೆಯೆಂದು ಸಾಮಾನ್ಯವಾಗಿ ಹೇಳಬಹುದು. ಗೋಡೆಯೇ ಒದ್ದೆಯೋ, ಕೋಣೆಯ ಹಬೆ ತಂಪುಗೋಡೆಗೆ ತಗಲಿ ನೀರಾಗಿದೆಯೋ ಎಂಬ ಸಂಶಯಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಗೋಡೆಯನ್ನು ಒರೆಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳನ್ನೂ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಹಿಂದೆ ಕಂಡರೆ ತೇವ ಗೋಡೆಯದು. ಮುಂದೆ ಕಂಡರೆ ಗಾಳಿಯದು. ಏಳನೆಯ ತರಗತಿಯ ಹುಡುಗರು ವಿಜ್ಞಾನದ ಪಾಠವಾಗಿ ಇದನ್ನು ಮಾಡಿದರು. ಹನಿಗಳು ಹಿಂದೆಯೇ ಇದ್ದುವು. ಹೊರಗೆ ಹೋಗಿ ನೋಡಿದರೆ, ಹೂದೋಟಕ್ಕೆಂದು ಪೇರಿಸಿದ ಮಣ್ಣು ಒಳಗಿನ ನೆಲಕ್ಕಿಂತ ಗೇಣೆತ್ತರವಾಗಿದೆ. ಸೂರಿನ ದಂಬೆಯೂ ಅಲ್ಲಿಗೇ ನೀರು ಸುರಿಯುತ್ತಿದೆ! ಹೂದೋಟವೂ ನಮ್ಮದೇ ಉತ್ಸಾಹದ ಫಲವೆಂದು ಒಪ್ಪಿಕೊಳ್ಳಬೇಕು.

ಆ ಮಣ್ಣನ್ನು ತೆಗೆದು, ನೀರನ್ನು ದೂರ ಹರಿಯಿಸಿ, ಕೆಟ್ಟ ಗಾರೆಯನ್ನು ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಬೇಕು. ಬಳಿಕ ಗೋಡೆ ಒಣಗಬೇಕು. ಅಂಗುಲಕ್ಕೊಂದು ತಿಂಗಳೆಂಬುದು ಕಟ್ಟಡದವರ ಸ್ಥೂಲವಾದ ಲೆಕ್ಕ. ಕಿಟಕಿಗಳನ್ನು ತೆರೆದಿಟ್ಟರೆ ನಮ್ಮ ಒಣಹವೆಯಲ್ಲಿ ತುಸು ಬೇಗನೆ ಆದೀತು. ನೀರು ಆರಿದ ಮೇಲೆ ಹೊರಬರುವ ಉಪ್ಪಿನ ಬಿಳಿಹುಡಿಯನ್ನು ಒಣಕುಂಚದಿಂದಲೇ ಗುಡಿಸಬೇಕು. ತೊಳೆದರೆ ಕರಗಿ ಮರಳಿ ಒಳಗಿಳಿಯುತ್ತದೆ. ಆಮೇಲೆ ಸುಣ್ಣದ ಗಾರೆ, ಅದರ ಮೇಲೆ ತೆಳುವಾಗಿ ಮೂರು ಸಲ ಸುಣ್ಣ. ಬೂಷ್ಟಿಗೆ ತುಸು ಮೈಲುತುತ್ತವನ್ನು ಬೆರೆಸಬಹುದು. ಅಡಕೆಯ ಕೃಷಿಕರಾದ ತಮಗೆ ಈ ಜೋಡಿಯನ್ನು ನಾವು ಪರಿಚಯಿಸಬೇಕಾಗಿಲ್ಲ. ಸುಣ್ಣಕ್ಕೆ ಎಣ್ಣೆಬಣ್ಣದ ಹೊಳಪಿಲ್ಲ, ನಿಜ. ಆದರೆ ಅದು ಗೋಡೆಯ ಉಸಿರನ್ನು ಕಟ್ಟುವುದಿಲ್ಲ, ಬೆಲೆಯೂ ಕಡಿಮೆ.

ಉತ್ಸವದ ದಿನ ಆ ಗೋಡೆಯು ಗಾರೆಯಿಲ್ಲದೆ ಬೋಳಾಗಿ ಕಾಣುವುದು. ಅತಿಥಿಗಳು ಕೇಳಿದರೆ ಕಾರಣವನ್ನು ನಾವೇ ಹೇಳುತ್ತೇವೆ. ದಾನಿಗಳ ಹೆಸರಿನ ಫಲಕವನ್ನು ಸದ್ಯಕ್ಕೆ ಜಗಲಿಯ ಕಂಬಕ್ಕೆ ತೂಗಿಸಬಹುದು. ಕೂಡಿದ ಹಣದಿಂದ ಮೊದಲು ದಂಬೆ, ಚರಂಡಿಗಳ ಕೆಲಸವನ್ನು ಮಾಡಿಸಲು ಸಭೆಯು ಒಪ್ಪಿಗೆ ನೀಡಬೇಕು. ಮೂರನೆಯ ತರಗತಿಯ ಮಕ್ಕಳನ್ನು ನಾಳೆಯಿಂದಲೇ ಮೂಡಣ ಜಗಲಿಗೆ ಕರೆದೊಯ್ಯಲು ಅನುಮತಿಯನ್ನೂ ಬೇಡುತ್ತೇವೆ.