ಎಂಜಿನ್ ಎಣ್ಣೆ ಇಳಿಸಲು ಡ್ರೈನ್ ವಾಲ್ವ್: ಎಲ್ಲಿ ಅನುಕೂಲ, ಎಲ್ಲಿ ಅಪಾಯ?



ಎತ್ತಿಗೆ ಹೊತ್ತು ಹೊತ್ತಿಗೆ ಮೇವು, ನೀರು ಕೊಡುವಂತೆ ಟ್ರ್ಯಾಕ್ಟರ್, ಜೀಪು, ಪಿಕಪ್ ಗಾಡಿಗಳ ಎಂಜಿನ್ನಿಗೂ ಕಾಲಕಾಲಕ್ಕೆ ಹೊಸ ಎಣ್ಣೆ ಹಾಕಬೇಕು. ಇದು ಎಲ್ಲರಿಗೂ ತಿಳಿದ ವಿಷಯ. ಆದರೆ ಹಳೆಯ ಎಣ್ಣೆ ಇಳಿಸುವ ಸಣ್ಣ ಬೋಲ್ಟಿನ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಗೆ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುತ್ತಾರೆ. ಅದರ ಅಡಿಯಲ್ಲಿರುವ ಈ ಬೋಲ್ಟಿಗೆ ಡ್ರೈನ್ ಪ್ಲಗ್ ಎಂದು ಹೆಸರು.

ಅನೇಕ ಟ್ರ್ಯಾಕ್ಟರುಗಳಲ್ಲಿ ಸುಮಾರು 250 ಗಂಟೆಗಳ ಕೆಲಸಕ್ಕೊಮ್ಮೆ ಎಣ್ಣೆ ಬದಲಿಸಬೇಕಾಗುತ್ತದೆ. ಪ್ರತಿ ಸಲವೂ ಈ ಪ್ಲಗ್ಗನ್ನು ಬಿಚ್ಚಿ ಮತ್ತೆ ಹಾಕಬೇಕು. ಹಳೆಯ ವಾಷರನ್ನೇ ಹಾಕಿದರೆ ಎಣ್ಣೆ ಹನಿಯುತ್ತದೆ. ಹನಿ ನಿಲ್ಲಲೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿ ಮಾಡುತ್ತಾರೆ. ಆಗ ತೂತಿನ ಒಳಗಿನ ಥ್ರೆಡ್, ಅಂದರೆ ತಿರುಪಿನ ಸುತ್ತು, ಕಿತ್ತು ಹೋಗುತ್ತದೆ. ಚೇಂಬರ್ ಅಲ್ಯುಮಿನಿಯಮ್‌ನದಾಗಿದ್ದರೆ ಹೀಗಾಗುವುದು ಇನ್ನೂ ಬೇಗ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಚೇಂಬರನ್ನೇ ಬದಲಿಸುವ ಪ್ರಸಂಗ ಬರುತ್ತದೆ.

ಈ ತೊಂದರೆ ತಪ್ಪಿಸಲು ಪ್ಲಗ್ಗಿನ ಬದಲು ಹಾಕುವ ಡ್ರೈನ್ ವಾಲ್ವುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಇದು ಸಾಮಾನ್ಯವಾಗಿ ಹಿತ್ತಾಳೆಯದು. ಒಳಗೆ ತೂತುಳ್ಳ ಒಂದು ಗುಂಡು, ಹೊರಗೆ ಒಂದು ಪುಟ್ಟ ಹಿಡಿ ಇರುತ್ತವೆ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಗುಂಡಿನ ತೂತು ದಾರಿಗೆ ನೇರವಾಗಿ ಎಣ್ಣೆ ಇಳಿಯುತ್ತದೆ. ಮರಳಿ ತಿರುಗಿಸಿದರೆ ನಿಲ್ಲುತ್ತದೆ. ಒಳ್ಳೆಯ ವಾಲ್ವುಗಳಲ್ಲಿ ಹಿಡಿ ಒಂದು ಕಚ್ಚಿನಲ್ಲಿ ಕೂತಿರುತ್ತದೆ. ಅದನ್ನು ಸ್ಪ್ರಿಂಗಿನ ಬಲಕ್ಕೆ ಎದುರಾಗಿ ಎತ್ತಿದ ಮೇಲೆಯೇ ತಿರುಗಿಸಬಹುದು. ಆದ್ದರಿಂದ ಗಾಡಿಯ ಅಲುಗಾಟಕ್ಕೆ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ.

ಇದರ ಅನುಕೂಲಗಳು ಸ್ಪಷ್ಟವಾಗಿವೆ. ಒಮ್ಮೆ ಕೂರಿಸಿದ ಮೇಲೆ ಥ್ರೆಡ್ ಸವೆಯುವ ಪ್ರಶ್ನೆಯಿಲ್ಲ. ಸ್ಪ್ಯಾನರ್ ಬೇಡ. ಬಿಸಿ ಎಣ್ಣೆ ಕೈಮೇಲೆ ಸುರಿಯುವ ಭಯ ಕಡಿಮೆ. ಎಣ್ಣೆ ಹೆಚ್ಚಾಗಿ ತುಂಬಿದ್ದರೆ ಬೇಕಾದಷ್ಟನ್ನು ಮಾತ್ರ ಇಳಿಸಬಹುದು. ಗಾಜಿನ ಸೀಸೆಗೆ ಸ್ವಲ್ಪ ಹಿಡಿದು ನೋಡಲೂಬಹುದು. ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದು ತಿಳಿದು ಮೆಕ್ಯಾನಿಕ್‌ಗೆ ತೋರಿಸಬೇಕು.

ಹಾಗಾದರೆ ಎಲ್ಲ ಗಾಡಿಗಳಿಗೂ ಇದನ್ನು ಹಾಕಿಸಬಹುದೇ? ಇಲ್ಲಿಯೇ ಯೋಚಿಸಬೇಕಾದ ಮಾತಿದೆ. ಪ್ಲಗ್ಗಿನ ತಲೆ ಚೇಂಬರಿಗೆ ಅಂಟಿಕೊಂಡಂತೆ ಇರುತ್ತದೆ. ವಾಲ್ವ್ ಅದಕ್ಕಿಂತ ಹೊರಗೆ ಚಾಚಿಕೊಂಡಿರುತ್ತದೆ. ರಸ್ತೆಯ ಮೇಲೆ ಓಡುವ ಕಾರು, ಪಿಕಪ್‌ಗಳಲ್ಲಿ, ಅದರಲ್ಲೂ ಪ್ಲಗ್ ಚೇಂಬರಿನ ಪಕ್ಕದಲ್ಲಿದ್ದರೆ, ಇದರಿಂದ ತೊಂದರೆ ಕಡಿಮೆ. ಟ್ರ್ಯಾಕ್ಟರಿನ ಸಂಗತಿ ಬೇರೆ. ಅದು ಹತ್ತಿ, ತೊಗರಿಯ ಕೂಳೆಗಳ ಮೇಲೆ, ಬದುವಿನ ಕಲ್ಲುಗಳ ಮೇಲೆ ಹಾಯುತ್ತದೆ. ಕೆಸರು ಗದ್ದೆಯಲ್ಲಿ ಹೂತುಕೊಳ್ಳುತ್ತದೆ. ಗಟ್ಟಿ ಕೂಳೆಯೋ ಕಲ್ಲೋ ಬಡಿದು ವಾಲ್ವ್ ಮುರಿದರೆ ಎಂಜಿನ್ನಿನ ಎಣ್ಣೆಯೆಲ್ಲ ಸ್ವಲ್ಪ ಹೊತ್ತಿನಲ್ಲೇ ನೆಲದ ಪಾಲಾಗುತ್ತದೆ. ಉಳುವವನಿಗೆ ಅದು ಗೊತ್ತಾಗುವಷ್ಟರಲ್ಲಿ ಬೇರಿಂಗು, ಕ್ರ್ಯಾಂಕ್ ಶಾಫ್ಟುಗಳು ಸುಟ್ಟು ಎಂಜಿನ್ ಜಾಮ್ ಆಗಬಹುದು. ಬಿತ್ತನೆಯ ಹದ ಕೈತಪ್ಪುತ್ತದೆ, ರಿಪೇರಿಯ ಸಾಲ ಮೈಮೇಲೆ ಬರುತ್ತದೆ.

ಆದುದರಿಂದ ವಾಲ್ವ್ ಕೊಳ್ಳುವ ಮೊದಲು ಗಾಡಿಯ ಅಡಿಯಲ್ಲಿ ಬಗ್ಗಿ ನೋಡಿರಿ. ಕೂರಿಸಿದ ವಾಲ್ವ್ ಗಾಡಿಯ ಎಲ್ಲ ಭಾಗಗಳಿಗಿಂತ ಕೆಳಗೆ ಬರುವುದಾದರೆ ಅದು ಬೇಡ. ಮುಂದೆ ಗಟ್ಟಿ ಕಬ್ಬಿಣದ ಕಾಪು ಇಲ್ಲದ, ಹೊಲಕ್ಕಿಳಿಯುವ ಟ್ರ್ಯಾಕ್ಟರಿಗೆ ಹಳೆಯ ಪ್ಲಗ್ಗೇ ಲೇಸು. ಪ್ರತಿ ಸಲ ಹೊಸ ವಾಷರ್ ಹಾಕಿ, ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಸ್ಪ್ಯಾನರಿನಿಂದ ಹದವಾಗಿ ಬಿಗಿ ಮಾಡಿದರೆ ಪ್ಲಗ್ ಬಹುಕಾಲ ಬಾಳುತ್ತದೆ.

ಹಾಕಿಸಬಹುದು ಎಂದು ತೀರ್ಮಾನಿಸಿದರೆ ಈ ಕ್ರಮಗಳನ್ನು ಅನುಸರಿಸಬೇಕು:

1. ಥ್ರೆಡ್ಡಿನ ಅಳತೆ ಸರಿಯಾಗಿರಲಿ. 14 ಮಿ.ಮೀ. ದಪ್ಪದ ಪ್ಲಗ್ಗುಗಳಲ್ಲೇ ಸುತ್ತಿನಿಂದ ಸುತ್ತಿಗೆ 1.5 ಮಿ.ಮೀ. ಇರುವುವೂ, 1.25 ಮಿ.ಮೀ. ಇರುವುವೂ ಉಂಟು. ಕೆಲವು ಗಾಡಿಗಳಲ್ಲಿ ಇಂಚಿನ ಅಳತೆಯ ಥ್ರೆಡ್ ಇರುತ್ತದೆ. ಗಾಡಿಯ ಕೈಪಿಡಿ ನೋಡಿ, ಹಳೆಯ ಪ್ಲಗ್ಗಿಗೆ ಹೋಲಿಸಿಯೇ ಕೊಳ್ಳಬೇಕು.

2. ವಾಲ್ವ್ ಕೈಯಿಂದಲೇ ಸಲೀಸಾಗಿ ಒಳಗೆ ಸಾಗಬೇಕು. ಬಿಗಿಯಾದರೆ ಬಲ ಹಾಕಬಾರದು. ಹಿತ್ತಾಳೆ ಮೆದು ಲೋಹವಾದ್ದರಿಂದ ಕೊನೆಯ ಬಿಗಿಯೂ ಹದವಾಗಿರಲಿ.

3. ಹಿಡಿಯ ಕಚ್ಚಿಗೆ ಕ್ಲಿಪ್ ಹಾಕಿರಿ. ಹಿಡಿ ಮುಂದಕ್ಕೆ ಚಾಚಿಕೊಂಡಿರಬಾರದು.

4. ಎಂಜಿನ್ ಐದು ನಿಮಿಷ ಓಡಿಸಿ ಸೋರಿಕೆ ಇದೆಯೇ ನೋಡಿರಿ. ಮೊದಲ ದಿನದ ಕೆಲಸದ ಬಳಿಕ ಇನ್ನೊಮ್ಮೆ ನೋಡಿರಿ.

5. ಹಳೆಯ ಪ್ಲಗ್ಗನ್ನು ಎಸೆಯದೆ ಗಾಡಿಯಲ್ಲೇ ಇಟ್ಟುಕೊಳ್ಳಿರಿ. ಗ್ಯಾರಂಟಿಯ ಅವಧಿ ಮುಗಿಯದಿದ್ದರೆ ಮೊದಲು ಡೀಲರನ್ನು ವಿಚಾರಿಸಿರಿ.

ವಾಲ್ವಿನ ದಾರಿ ಕಿರಿದು. ಆದ್ದರಿಂದ ಎಣ್ಣೆ ಬೆಚ್ಚಗಿರುವಾಗ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ, ನಿಧಾನವಾಗಿ ಇಳಿಸಬೇಕು. ಕೆಲವು ಪ್ಲಗ್ಗುಗಳಲ್ಲಿ ಕಬ್ಬಿಣದ ಚೂರು ಹಿಡಿಯುವ ಅಯಸ್ಕಾಂತ ಇರುತ್ತದೆ. ವಾಲ್ವ್ ಹಾಕಿದರೆ ಆ ಅನುಕೂಲ ತಪ್ಪುತ್ತದೆ ಎಂಬುದೂ ನೆನಪಿರಲಿ.

ಇಳಿಸಿದ ಕಪ್ಪೆಣ್ಣೆಯನ್ನು ಹೊಲಕ್ಕಾಗಲಿ ಕಾಲುವೆಗಾಗಲಿ ಚೆಲ್ಲಬಾರದು. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬದಲ್ಲಿ ತುಂಬಿಟ್ಟು, ಅದನ್ನು ಪರವಾನಗಿ ಪಡೆದ ಸಂಗ್ರಾಹಕರಿಗೆ ತಲುಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಿರಿ. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿರಿ.

ಪ್ಲಗ್ ಇರಲಿ, ವಾಲ್ವ್ ಇರಲಿ, ದಿನವೂ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಅಳತೆ ಕಡ್ಡಿಯನ್ನು ಎಳೆದು ಎಣ್ಣೆಯ ಮಟ್ಟ ನೋಡುವುದನ್ನು ಮರೆಯಬಾರದು. ಕೆಲಸದ ನಡುವೆ ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ ಸಾಲು ಮುಗಿಯಲಿ ಎಂದು ಕಾಯದೆ ಎಂಜಿನ್ನನ್ನು ಅಲ್ಲಿಯೇ ನಿಲ್ಲಿಸಬೇಕು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವಂತಾಗಬಾರದು.