ಚಂದಾ ಯಾರು ಕಟ್ಟಬೇಕು? ರೈಟ್ ಟು ವರ್ಕ್, ಯೂನಿಯನ್ ಮತ್ತು ನಾವು ಐಟಿಯವರು

ಇವತ್ತಿನ ವಿಷಯ ಯೂನಿಯನ್. ಈ ಪದ ಕೇಳಿದ ಕೂಡಲೇ ನಮ್ಮಲ್ಲಿ ಅರ್ಧ ಜನ "ಅದು ಫ್ಯಾಕ್ಟರಿಯವರಿಗೆ, ನಮಗಲ್ಲ" ಅಂತಾರೆ. ಇನ್ನರ್ಧ ಜನ "ಎಚ್‌ಆರ್‌ಗೆ ಗೊತ್ತಾದ್ರೆ ಏನು ಗತಿ" ಅಂತಾರೆ. ಇಬ್ಬರಿಗೂ ಸೇರಿಸಿ ಈ ಮಾತು.

ಅಮೆರಿಕದಲ್ಲಿರೋ ನಮ್ಮವರ ಬಾಯಲ್ಲಿ ಒಂದು ಮಾತು ಆಗಾಗ ಕೇಳ್ತೀವಿ: "ನಮ್ಮ ಟೆಕ್ಸಾಸ್ ರೈಟ್ ಟು ವರ್ಕ್ ರಾಜ್ಯ, ಯೂನಿಯನ್ ಕಾಟ ಇಲ್ಲ." ಹೆಸರು ಕೇಳಿದರೆ ಯಾರಿಗೋ ಕೆಲಸ ಕೊಡಿಸೋ ಕಾನೂನು ಅನ್ನಿಸುತ್ತೆ. ಹಾಗಲ್ಲ. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ ಉದ್ಯೋಗದ ಹಕ್ಕಿನ ಮಾತಿದೆ, ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಅದಕ್ಕೆ ಏರ್ಪಾಡು ಮಾಡಬೇಕು ಅಂತ. ಅಮೆರಿಕದ್ದು ಚಂದಾ ಕುರಿತ ಜಗಳ.

ಅಲ್ಲಿ ಒಂದು ಕಡೆ ಕೆಲಸ ಮಾಡೋರು ಬಹುಮತದಿಂದ ಯೂನಿಯನ್ ಆರಿಸಿಕೊಂಡರೆ, ಅದು ಎಲ್ಲರ ಪರವಾಗಿ ಮಾತಾಡಬೇಕು, ಸದಸ್ಯರಲ್ಲದವರ ಪರವಾಗಿಯೂ. ಸಂಬಳ ಹೆಚ್ಚಾದರೆ ಎಲ್ಲರಿಗೂ ಹೆಚ್ಚು. ಹಾಗಾದರೆ ಖರ್ಚನ್ನೂ ಎಲ್ಲರೂ ಕೊಡಬೇಕಲ್ಲ ಅನ್ನೋದು ಯೂನಿಯನ್ ವಾದ. "ನಾನು ಸೇರದ ಸಂಘಕ್ಕೆ ನನ್ನ ದುಡ್ಡು ಯಾಕೆ? ಆ ದುಡ್ಡು ನನಗೆ ಬೇಡದ ಪಕ್ಷಕ್ಕೆ ಹೋದರೆ?" ಅನ್ನೋದು ಎದುರು ವಾದ. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಇಂಥ ಕಡ್ಡಾಯ ವಸೂಲಿಯನ್ನ ನಿಷೇಧಿಸೋ ಅಧಿಕಾರವನ್ನ ರಾಜ್ಯಗಳಿಗೆ ಕೊಟ್ಟಿತು. ಈಗ 26 ರಾಜ್ಯಗಳಲ್ಲಿ ಆ ನಿಷೇಧ ಇದೆ. ಮಿಷಿಗನ್ 2012ರಲ್ಲಿ ತಂದು 2023ರಲ್ಲಿ ವಾಪಸ್ ತೆಗೆದುಕೊಂಡಿತು. 2018ರ ಜೇನಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಂದ ಎಲ್ಲೂ ಹೀಗೆ ವಸೂಲಿ ಮಾಡೋ ಹಾಗಿಲ್ಲ ಅಂತ 5-4ರ ತೀರ್ಪು ಕೊಟ್ಟಿತು.

ಎರಡೂ ಕಡೆ ನ್ಯಾಯ ಇದೆ. ಅದಕ್ಕೇ ಈ ಜಗಳ ಇಷ್ಟು ವರ್ಷ ಎಳೆದಿದೆ.

ಈಗ ನಮ್ಮ ಮನೆಗೆ ಬರೋಣ. ಸಂಘ ಕಟ್ಟೋ ಹಕ್ಕನ್ನ ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಸೇರಲೇಬೇಕು, ಚಂದಾ ಕಟ್ಟಲೇಬೇಕು ಅನ್ನೋ ಕಾನೂನು ಇಲ್ಲ. ಆದರೆ ಸಂಧಾನ ಅಧಿಕಾರಿಯ ಮುಂದೆ ಯೂನಿಯನ್ ಮಾಡಿಕೊಂಡ ಒಪ್ಪಂದ ಅಲ್ಲಿರೋ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತೆ, ನಾಳೆ ಸೇರೋ ಹುಡುಗನಿಗೂ. ಅಂದ್ರೆ ಟೆಕ್ಸಾಸಿನವರು ಹೆಮ್ಮೆಯಿಂದ ಹೇಳಿಕೊಳ್ಳೋ ಸ್ವಾತಂತ್ರ್ಯ ನಮಗೆ ಮೊದಲಿಂದಲೂ ಇದೆ.

ಈ ಸ್ವಾತಂತ್ರ್ಯ ಇಟ್ಟುಕೊಂಡು ಯಾರು ಏನು ಮಾಡಿದರು ನೋಡಿ. ಇದೇ ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿ ಸಿಂಗರೇಣಿ ಭವನ ಇದೆ, ಕಲ್ಲಿದ್ದಲು ಗಣಿ ಕಂಪನಿಯ ಆಫೀಸು. ಆ ಗಣಿಗಳಲ್ಲಿ 1998ರಿಂದ ಗುಪ್ತ ಮತದಾನದ ಮೂಲಕ ಮಾನ್ಯತೆ ಪಡೆದ ಯೂನಿಯನ್ ಯಾವುದು ಅಂತ ಕಾರ್ಮಿಕರೇ ಆರಿಸ್ತಾರೆ. 2023ರ ಡಿಸೆಂಬರ್ 27ರ ಚುನಾವಣೆಯಲ್ಲಿ ಮತದಾರರು ಸುಮಾರು 40 ಸಾವಿರ. ಎಐಟಿಯುಸಿ ಗೆದ್ದಿತು. 2012 ಮತ್ತು 2017ರಲ್ಲಿ ಗೆದ್ದಿದ್ದ ಸಂಘವನ್ನ ಕಾರ್ಮಿಕರು ಇಳಿಸಿದರು. ಅದು ಆಗಷ್ಟೇ ಅಧಿಕಾರ ಕಳಕೊಂಡ ಪಕ್ಷದ ಜೊತೆಗಿದ್ದ ಸಂಘ. ಪಕ್ಷದ ನೆರಳು ಯೂನಿಯನ್ ಮೇಲೆ ಬೀಳುತ್ತೆ ಅನ್ನೋ ದೂರು ಸುಳ್ಳಲ್ಲ, ಇಲ್ಲೇ ಕಾಣುತ್ತೆ. ಬೇಡವಾದ ನಾಯಕರನ್ನ ಓಟು ಹಾಕಿ ಇಳಿಸಬಹುದು ಅನ್ನೋದೂ ಇಲ್ಲೇ ಕಾಣುತ್ತೆ. ನಮ್ಮ ರಾಯಚೂರು ಕಡೆಯವರಿಗೆ ಇದು ಹೊಸದಲ್ಲ. ಹಟ್ಟಿ ಚಿನ್ನದ ಗಣಿಯ ಸಂಘದ ಎಲೆಕ್ಷನ್ ಅಂದ್ರೆ ಎಮ್ಮೆಲ್ಲೆ ಎಲೆಕ್ಷನ್ನಿನಷ್ಟೇ ಗದ್ದಲ.

ರೆಡ್ ಹಿಲ್ಸ್‌ನಿಂದ ಗಚ್ಚಿಬೌಲಿಗೆ ಬನ್ನಿ. ಒಂದು ಕಂಪನಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವನನ್ನ ಬೆಳಿಗ್ಗೆ 11ಕ್ಕೆ ಮೀಟಿಂಗ್ ರೂಮಿಗೆ ಕರೆದರು. "ನೀವೇ ರಿಸೈನ್ ಮಾಡಿ, ರಿಲೀವಿಂಗ್ ಲೆಟರ್ ಕ್ಲೀನ್ ಆಗಿ ಕೊಡ್ತೀವಿ" ಅಂದರು. ಸಂಜೆಗೆ ಅವನ ಲಾಗಿನ್ ಬಂದ್. ಆ ಸಹಿಯ ಬೆಲೆ ಎಷ್ಟು ಗೊತ್ತಾ? ಒಂದು ವರ್ಷ ಸತತವಾಗಿ ದುಡಿದ ಕೆಲಸಗಾರನನ್ನ ಕಂಪನಿಯೇ ತೆಗೆದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕು. ನೀವೇ ರಾಜೀನಾಮೆ ಬರೆದುಕೊಟ್ಟರೆ ಆ ಲೆಕ್ಕವೇ ಇಲ್ಲ. ಆ ರೂಮಲ್ಲಿ ಆ ಕಡೆ ಮೂರು ಜನ, ಈ ಕಡೆ ಅವನೊಬ್ಬ. "ಸಹಿ ಹಾಕಬೇಡ, ನಾಳೆ ಮಾತಾಡೋಣ" ಅನ್ನೋಕೆ ಒಬ್ಬರೂ ಇರಲಿಲ್ಲ.

"ಸಾಫ್ಟ್‌ವೇರ್ ಎಂಜಿನಿಯರ್ ಕಾರ್ಮಿಕ ಅಲ್ಲವಲ್ಲ" ಅಂತ ಕೇಳ್ತಾರೆ. ಕಾನೂನಿನ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸವೂ ಸೇರಿದೆ. ಮ್ಯಾನೇಜರ್ ಕೆಲಸ ಮಾಡೋರು ಹೊರಗೆ. ಬ್ಯಾಡ್ಜ್ ಮೇಲೆ ಲೀಡ್ ಅಂತ ಬರೆದಿದ್ದರೆ ಸಾಲದು, ದಿನವಿಡೀ ನಿಜಕ್ಕೂ ಏನು ಮಾಡ್ತೀರಿ ಅನ್ನೋದನ್ನ ಕೋರ್ಟ್ ನೋಡುತ್ತೆ. ಎಚ್‌ಆರ್ ಭಯದ ವಿಷಯಕ್ಕೂ ಉತ್ತರ ಇದೆ: ಯೂನಿಯನ್ ಸೇರಿದ ಕಾರಣಕ್ಕೆ ಒಬ್ಬ ಕೆಲಸಗಾರನನ್ನ ತೆಗೆಯೋದು ಕಾನೂನಿನ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿ. ಕಾಗದದ ಮೇಲಿರೋ ಈ ರಕ್ಷಣೆ ಒಂಟಿಯಾಗಿರೋನಿಗೆ ಹೆಚ್ಚು ಉಪಯೋಗಕ್ಕೆ ಬರಲ್ಲ, ಅದೂ ನಿಜ.

ಇಷ್ಟು ವರ್ಷ ನಮಗೆ ಯೂನಿಯನ್ ಬೇಕು ಅನ್ನಿಸಲಿಲ್ಲ, ಯಾಕಂದ್ರೆ ಕೈಯಲ್ಲಿ ಇನ್ನೊಂದು ಆಫರ್ ಲೆಟರ್ ಇರ್ತಿತ್ತು. ಮಾರ್ಕೆಟ್ಟೇ ನಮ್ಮ ಯೂನಿಯನ್. ಎಲ್ಲ ಕಂಪನಿಯೂ ಒಟ್ಟಿಗೇ ಬಾಗಿಲು ಹಾಕಿಕೊಂಡಾಗ ಆ ಯೂನಿಯನ್ ಫೋನ್ ಎತ್ತಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದ್ರೆ 12 ಸಾವಿರಕ್ಕೂ ಹೆಚ್ಚು ಜನರನ್ನ ಕಡಿಮೆ ಮಾಡ್ತೀವಿ ಅಂದಾಗ ನಮಗೆಲ್ಲ ಅದು ಗೊತ್ತಾಯ್ತು.

ಇನ್ನೊಂದು ಉದಾಹರಣೆ ನಮ್ಮ ಕರ್ನಾಟಕದ್ದೇ. 2024ರ ಜುಲೈನಲ್ಲಿ ಐಟಿಯವರ ದುಡಿಮೆಯನ್ನ ದಿನಕ್ಕೆ 14 ಗಂಟೆಗೆ ಏರಿಸೋ ಪ್ರಸ್ತಾಪ ಬಂತು. 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ, ಅಂದ್ರೆ ಕೆಐಟಿಯು, ಕಾರ್ಮಿಕ ಸಚಿವರ ಹತ್ತಿರ ಹೋಗಿ ವಿರೋಧಿಸಿತು, ಬೀದಿಗೂ ಇಳಿಯಿತು. ಆ ತಿದ್ದುಪಡಿ ಆಗ ಕಾನೂನಾಗಲಿಲ್ಲ. ಲಾಭ ಯಾರಿಗೆ? ಬೆಂಗಳೂರಿನ ಲಕ್ಷಾಂತರ ಜನಕ್ಕೆ, ಆ ಸಂಘದ ಹೆಸರೂ ಕೇಳದವರಿಗೆ. 2025ರ ಜುಲೈನಲ್ಲಿ ತೆಲಂಗಾಣ ಸರ್ಕಾರ ವಾಣಿಜ್ಯ ಸಂಸ್ಥೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 48 ಗಂಟೆ ಅಂತ ಆದೇಶ ಹೊರಡಿಸಿದಾಗ ನಾನಿರೋ ವಾಟ್ಸಪ್ ಗ್ರೂಪುಗಳಲ್ಲಿ ನಾಲ್ಕು ಮೀಮ್ ಬಂದವು, ಅಷ್ಟೆ.

ಅಮೆರಿಕದವರು ಇದಕ್ಕೆ ಫ್ರೀ ರೈಡರ್ ಅಂತಾರೆ. ನಮ್ಮ ಭಾಷೇಲಿ, ಊರ ಜಾತ್ರೆಗೆ ಪಟ್ಟಿ ಕೊಡದೆ ಪಂಕ್ತಿಗೆ ಮೊದಲು ಕೂರೋನು.

ಕಡ್ಡಾಯ ವಸೂಲಿ ಬೇಡ ಅನ್ನೋದೇ ನನ್ನ ಅಭಿಪ್ರಾಯ ಕೂಡ. ಸಂಬಳದಿಂದ ಬಲವಂತವಾಗಿ ಕಡಿದ ದುಡ್ಡಿಗೆ ಯಾವ ನಾಯಕನೂ ಲೆಕ್ಕ ಕೊಡಲ್ಲ. ಆದರೆ ಕಡ್ಡಾಯ ಇಲ್ಲ ಅಂದಮೇಲೆ ಜವಾಬ್ದಾರಿ ನಮ್ಮ ಮೇಲೇ ಬಂತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ ಹಲವು ಸಂಘಗಳಿರೋ ಕಡೆ ಶೇ. 51ರಷ್ಟು ಕೆಲಸಗಾರರ ಬೆಂಬಲ ಇದ್ದ ಸಂಘಕ್ಕೇ ಮಾತುಕತೆಯ ಏಕೈಕ ಅಧಿಕಾರ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಇದ್ದವರಿಗೆಲ್ಲ ಮಂಡಳಿಯಲ್ಲಿ ಜಾಗ. ನೂರು ಜನರ ಆಫೀಸಲ್ಲಿ ಹತ್ತು ಜನ ಚಂದಾ ಕಟ್ಟಿ ತೊಂಬತ್ತು ಜನ ನೋಡ್ತಾ ಕೂತರೆ ಆ ಮೇಜಿನ ಹತ್ತಿರವೂ ಹೋಗಕ್ಕಾಗಲ್ಲ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ನಿಮಗೆ ಸರಿ ಅನ್ನಿಸಿದ ಸಂಘದ ನಿಯಮಾವಳಿ ತರಿಸಿ ಓದಿ. ಲೆಕ್ಕಪತ್ರ ಕೇಳಿ, ಎಲೆಕ್ಷನ್ ಯಾವಾಗ ಅಂತ ಕೇಳಿ. ಒಪ್ಪಿಗೆಯಾದರೆ ಚಂದಾ ಕಟ್ಟಿ, ಇಲ್ಲದಿದ್ದರೆ ನೀವೇ ಒಂದು ಕಟ್ಟಿ. ಎರಡೂ ಬೇಡ ಅನ್ನೋ ಹಕ್ಕೂ ನಿಮಗಿದೆ. ಹಾಗಿದ್ದರೆ, ಮುಂದಿನ ಸಲ ಯಾರೋ ಹೋರಾಡಿ ಉಳಿಸಿಕೊಟ್ಟ ಭಾನುವಾರವನ್ನ ಮನೇಲಿ ಕಳೆಯೋವಾಗ ಅವರ ಹೆಸರಾದರೂ ತಿಳಕೊಂಡಿರಿ.